ಮುದ್ರೆ ನಾನೇ ಒತ್ತಬೇಕು, ಪುಟ್ಟಿ

ಪ್ರೀತಿಯ ಪುಟ್ಟಿ,

ಅಪ್ಪನ ಆಶೀರ್ವಾದ. ಪಂಚಾಯಿತಿ ಚುನಾವಣೆ ಕೆಲಸಕ್ಕೆ ನಿಮ್ಮ ಶಾಲೆಯವರ ಹೆಸರನ್ನೆಲ್ಲ ಬರೆದುಕೊಂಡು ಹೋದರಂತೆ, ನಿನ್ನದೂ ಇದೆಯಂತೆ. ನಿಮ್ಮಮ್ಮ ಹೇಳಿದಳು. ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ, ಯಾವುದೋ ಗೊತ್ತಿಲ್ಲದ ಊರಿನಲ್ಲಿ ರಾತ್ರಿ ಇರಬೇಕಲ್ಲ ಅಂತ ಅವಳಿಗೆ ಚಿಂತೆ. ನನಗೆ ಮಾತ್ರ ತುಂಬ ಖುಷಿಯಾಯಿತು. ಮೇಜಿನ ಆ ಕಡೆ ನನ್ನ ಮಗಳು ಕೂತಿರುತ್ತಾಳಲ್ಲ! ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಯುವ ವಿಷಯ ಅಲ್ಲ ಇದು. ಅದಕ್ಕೇ ಮೊಬೈಲಿಗೆ ಬಾಯಲ್ಲಿ ಹೇಳುತ್ತಾ ಈ ಪತ್ರ ಬರೆಸುತ್ತಿದ್ದೇನೆ. ಅಕ್ಷರ ಹೆಚ್ಚುಕಮ್ಮಿ ಆಗಿದ್ದರೆ ಸರಿಮಾಡಿಕೊಂಡು ಓದು.

2020ರ ಡಿಸೆಂಬರಿನ ಪಂಚಾಯಿತಿ ಚುನಾವಣೆ ನಿನಗೆ ಅಷ್ಟಾಗಿ ನೆನಪಿರಲಿಕ್ಕಿಲ್ಲ. ಕೊರೊನಾ ಕಾಲ. 22ಕ್ಕೆ ಒಂದು ಹಂತ, 27ಕ್ಕೆ ಇನ್ನೊಂದು. ನೀನು ಪರೀಕ್ಷೆ ಅಂತ ಊರಿಗೆ ಬಂದಿರಲಿಲ್ಲ. ಅಮ್ಮನಿಗೆ ಜ್ವರ. ಕಣ್ಣು ಕಾಣದ ನನ್ನನ್ನು ಕೈಹಿಡಿದು ಕರೆದುಕೊಂಡು ಹೋದದ್ದು ಹಿಂದಿನ ಬೀದಿಯ ಹುಡುಗ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಬೀದರ್ ಜಿಲ್ಲೆ ಬಿಟ್ಟರೆ ಉಳಿದ ಕಡೆಯೆಲ್ಲ ಆಗ ಬ್ಯಾಲೆಟ್ ಪೇಪರು. ಕಾಗದ ಕೈಗೆ ಕೊಟ್ಟರು. ಬೆರಳಾಡಿಸಿದೆ. ನುಣ್ಣಗಿನ ಒಂದು ಹಾಳೆ, ಅಷ್ಟೇ. ಮೇಲು ಯಾವುದು, ಕೆಳಗು ಯಾವುದು, ಅದೂ ತಿಳಿಯಲಿಲ್ಲ. ನಮ್ಮ ವಾರ್ಡಿಗೆ ಒಬ್ಬರಿಗಿಂತ ಜಾಸ್ತಿ ಸದಸ್ಯರು, ಅಷ್ಟೂ ಕಡೆ ಮುದ್ರೆ ಬೀಳಬೇಕು. 'ಯಾರಿಗೆ ಮಾವ?' ಅಂತ ಹುಡುಗ ಕೇಳಿದ. ಎಷ್ಟು ಮೆತ್ತಗೆ ಹೇಳಿದರೂ ಅದು ಬರೀ ರಟ್ಟಿನ ಮರೆ. ಅಲ್ಲೇ ಕೂತ ಅಭ್ಯರ್ಥಿಗಳ ಏಜೆಂಟರ ಕೆಮ್ಮು ನನಗೆ ಕೇಳುತ್ತಿತ್ತು ಅಂದ ಮೇಲೆ ನನ್ನ ಮಾತು ಅವರಿಗೆ ಕೇಳದಿರುತ್ತದಾ? ನಾನು ಹೇಳಿದೆ, ಅವನು ಒತ್ತಿದ, ಮಡಿಸಿ ಪೆಟ್ಟಿಗೆಗೆ ಹಾಕಿದ. ನಾನು ಹೇಳಿದವರಿಗೇ ಒತ್ತಿದನಾ? ನಂಬಬೇಕು. ನಂಬಿದೆ.

30ಕ್ಕೆ ಎಣಿಕೆ ಆಯಿತು. ನಮ್ಮ ವಾರ್ಡಿನಲ್ಲಿ ಒಬ್ಬರು ಸೋತದ್ದು ನಾಲ್ಕೇ ಮತದಿಂದ. ನಾನು ಯಾರಿಗೆ ಹಾಕಿದೆ ಅನ್ನುವುದು ಅವರಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ದಿನಾ ನಮ್ಮ ಮನೆ ಮುಂದೆ ಹೋಗುವಾಗ 'ಕಾಫಿ ಆಯ್ತಾ' ಅನ್ನುತ್ತಿದ್ದವರು. ಆಮೇಲೆ ಹೆಜ್ಜೆ ಸದ್ದು ಮಾತ್ರ ಬರುತ್ತಿತ್ತು, ನಿಲ್ಲದೆ ಹಾಗೇ ಮುಂದೆ ಹೋಗುತ್ತಿತ್ತು. ಅವರ ಹೆಜ್ಜೆ ನನಗೆ ಗೊತ್ತಾಗುವುದಿಲ್ಲವಾ ಪುಟ್ಟಿ? ಒಂದೂವರೆ ವರ್ಷ ಹಾಗೇ ನಡೆಯಿತು. ಆ ಬೀದಿಯಲ್ಲಿ ಬೇರೆ ಯಾರ ವೋಟೂ ಅವರಿಗೆ ಗೊತ್ತಿರಲಿಲ್ಲ. ನನ್ನದೊಂದೇ ಬಯಲಲ್ಲಿತ್ತು.

ಲೋಕಸಭೆ ಚುನಾವಣೆಯಲ್ಲಿ ಲಕ್ಷಗಟ್ಟಲೆ ಮತ. ನನ್ನದು ಯಾರಿಗೆ ಅಂತ ಯಾರು ಕೇಳುತ್ತಾರೆ? ಪಂಚಾಯಿತಿಯಲ್ಲಿ ಹಾಗಲ್ಲ. ನಿಂತವರು ನೆಂಟರು, ಸಾಲ ಕೊಟ್ಟವರು, ಗದ್ದೆಯ ಬದುವಿನ ಆ ಕಡೆಯವರು. ಗುಟ್ಟು ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಇಲ್ಲೇ. ನನ್ನಂಥವರಿಗೆ ಅದು ಸಿಗದೇ ಹೋದದ್ದೂ ಇಲ್ಲೇ.

ದೊಡ್ಡ ಚುನಾವಣೆಗಳಲ್ಲಿ ನಾನೇ ಹಾಕಿದ್ದೇನೆ, ಗೊತ್ತಾ? 2019ರಲ್ಲಿ ಬ್ರೈಲ್ ಹಾಳೆ ಕೊಟ್ಟರು. ಕಣ್ಣು ಹೋದ ಮೇಲೆ ಮೈಸೂರಿನಲ್ಲಿ ಆರು ತಿಂಗಳು ಕೂತು ಕಲಿತ ಬ್ರೈಲ್ ಅವತ್ತು ಕೈಹಿಡಿಯಿತು. ಹಾಳೆಯಲ್ಲಿ ಹೆಸರು ಓದಿಕೊಂಡೆ, ಯಂತ್ರದ ಬಲಗಡೆ ಬ್ರೈಲ್ ಅಂಕಿ ಹುಡುಕಿದೆ, ಗುಂಡಿ ಒತ್ತಿದೆ. ಬೀಪ್ ಅಂತ ಉದ್ದಕ್ಕೆ ಕೂಗಿತು. ಪಕ್ಕದ ಪೆಟ್ಟಿಗೆಯಲ್ಲಿ ಚೀಟಿ 7 ಸೆಕೆಂಡ್ ಕಾಣುತ್ತದಲ್ಲ, ಅದು ನನಗಿಲ್ಲ. ಆದರೂ ಒತ್ತಿದ ಬೆರಳು ನನ್ನದು. ಹೊರಗೆ ಬಂದು ನಿಮ್ಮಮ್ಮನಿಗೂ ಹೇಳಲಿಲ್ಲ ಯಾರಿಗೆ ಅಂತ. ಹೇಳದೆ ಇರಬಹುದು ಅನ್ನುವುದೇ ಎಷ್ಟು ಸುಖ ಅನ್ನಿಸಿತು ಅವತ್ತು.

ಬ್ರೈಲ್ ಬಾರದವರೇ ಜಾಸ್ತಿ, ಅದು ನಿಜ. ವಯಸ್ಸಾದ ಮೇಲೆ ಕಣ್ಣು ಹೋದವರು ಎಲ್ಲಿ ಕಲಿಯುತ್ತಾರೆ? ಆದರೆ ಗುಂಡಿಯನ್ನು ಮೇಲಿನಿಂದ ಎಣಿಸಿಕೊಂಡು ಬರಬಹುದಲ್ಲ. ಕಾಗದದಲ್ಲಿ ಎಣಿಸಲು ಏನಿದೆ?

ನಿಮ್ಮ ಅತ್ತೆಯ ಕಥೆ ಬೇರೆ. ಪೋಲಿಯೋ ಕಾಲು, ಗಾಲಿ ಕುರ್ಚಿ. ಮತಗಟ್ಟೆಗೆ ನಾಲ್ಕು ಮೆಟ್ಟಿಲು. ಇಬ್ಬರು ಹುಡುಗರು ಕುರ್ಚಿ ಸಮೇತ ಎತ್ತಿಕೊಂಡು ಹೋದರು. ಎಲ್ಲರೂ 'ಎಷ್ಟು ಒಳ್ಳೆ ಹುಡುಗರು' ಅಂದರು. ಒಳ್ಳೆಯವರೇ. ಆದರೆ ಇಬ್ಬರೂ ಒಂದೇ ಕಡೆಯ ಹುಡುಗರು. ಇನ್ನೊಂದು ಕಡೆಯವರು ಅವಳ ವೋಟನ್ನು ಅವತ್ತೇ ಲೆಕ್ಕದಿಂದ ತೆಗೆದುಹಾಕಿದರು. ಮುಂದೆ ಅವಳ ಮನೆ ಮುಂದಿನ ಚರಂಡಿಗೆ ಚಪ್ಪಡಿ ಹಾಕಿಸಲು ಅವಳು ಎಷ್ಟು ಅಲೆದಳು, ನೀನೇ ನೋಡಿದ್ದೀಯ. ಪಂಚಾಯಿತಿಯ ಸ್ವಂತ ಹಣದಲ್ಲಿ ಶೇ. 5 ವಿಕಲಚೇತನರಿಗೆ ಅಂತಲೇ ಇಡಬೇಕು. ಆ ಹಣ ಎಲ್ಲಿ ಹೋಗಬೇಕು ಅಂತ ಹೇಳುವ ಸದಸ್ಯರನ್ನು ಆರಿಸುವ ದಿನ ಅದು. ಅವತ್ತೇ ಅವಳು ಯಾರದೋ ಹೆಗಲ ಋಣದಲ್ಲಿ ಒಳಗೆ ಹೋಗಬೇಕಾಯಿತು.

ಊರಿನಲ್ಲಿ ಸಹಾಯ ಮಾಡುವ ಕೈ ಯಾವಾಗಲೂ ಯಾರದೋ ಕಡೆಯ ಕೈ. ಹಾಗಾಗಿ ಸಹಾಯ ಅನ್ನುವುದು ಮತಗಟ್ಟೆಯದೇ ಆಗಿರಬೇಕು. ಮಗಳೇ, ನಾನು ಹೇಳಬೇಕು ಅಂದುಕೊಂಡದ್ದು ಇಷ್ಟೇ. ಉಳಿದದ್ದೆಲ್ಲ ಇದರ ಸುತ್ತ.

ಕಾನೂನು ನಮ್ಮ ಪರ ಇದೆ. 2004ರಲ್ಲಿ ವಿಕಲಚೇತನರ ಹಕ್ಕಿಗಾಗಿ ಹೋರಾಡುತ್ತಿದ್ದ ಜಾವೇದ್ ಅಬಿದಿ ಮತ್ತು ಅವರ ಸಂಗಡಿಗರು ಸುಪ್ರೀಂ ಕೋರ್ಟಿಗೆ ಹೋಗಿ ಮತಗಟ್ಟೆಗೆ ರ‍್ಯಾಂಪ್ ಹಾಕಿಸಿ ಅಂತ ಆದೇಶ ತಂದರು. ಅಬಿದಿಯವರೂ ಗಾಲಿ ಕುರ್ಚಿಯಲ್ಲೇ ಓಡಾಡುತ್ತಿದ್ದವರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ದೆಹಲಿಯ ಕೇಂದ್ರ ಚುನಾವಣಾ ಆಯೋಗ ಮಾತ್ರ ಅಲ್ಲ, ರಾಜ್ಯ ಚುನಾವಣಾ ಆಯೋಗಗಳ ಹೆಸರೂ ಇದೆ. ಮತಗಟ್ಟೆಗೆ ಎಲ್ಲರೂ ಹೋಗುವಂತಿರಬೇಕು, ಚುನಾವಣೆಯ ಕಾಗದಪತ್ರ ಎಲ್ಲರಿಗೂ ತಿಳಿಯುವಂತಿರಬೇಕು ಅಂತ ಇಬ್ಬರಿಗೂ ಹೇಳಿದೆ. ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯದ ಆಯೋಗ ಅಲ್ವಾ? ಹಾಗಾದರೆ ನನ್ನ ಕೈಗೆ ಬಂದ ಆ ನುಣ್ಣಗಿನ ಹಾಳೆಯೂ ಆ ಮಾತಿಗೆ ಸೇರಿದ್ದೇ.

2023ರ ವಿಧಾನಸಭೆಗೆ ನಮ್ಮ ರಾಜ್ಯದಲ್ಲಿ ಮೊದಲ ಸಲ ಮನೆಯಿಂದಲೇ ಮತ ಹಾಕಲು ಬಿಟ್ಟರು, 80 ದಾಟಿದವರಿಗೆ ಮತ್ತು ವಿಕಲಚೇತನರಿಗೆ. ಹಾಸಿಗೆ ಹಿಡಿದವರಿಗೆ ಅದು ದೊಡ್ಡ ವರ. ನಿಮ್ಮ ಅತ್ತೆಯನ್ನು ಕೇಳಿದರೆ ಬೇಡ ಅಂದಳು. 'ನಾನೂ ಸೀರೆ ಉಟ್ಟು ಎಲ್ಲರ ಜೊತೆ ಸಾಲಿನಲ್ಲಿ ಇರಬೇಕು' ಅಂದಳು. ನನಗೂ ಹಾಗೇ ಅನ್ನಿಸುತ್ತದೆ. ಮನೆಗೆ ಪೆಟ್ಟಿಗೆ ಬರುತ್ತದೆ ಅಂತ ರ‍್ಯಾಂಪ್ ಕಟ್ಟುವುದನ್ನು ಬಿಡಬಾರದು.

ಈಗ ಇನ್ನೊಂದು ಮಾತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಚುನಾವಣೆಗಳೆಲ್ಲ ಬ್ಯಾಲೆಟ್ ಪೇಪರಿನಲ್ಲೇ ಆಗಲಿ ಅಂತ ಶಿಫಾರಸು ಮಾಡಿತಲ್ಲ. ಯಂತ್ರ ಸರಿಯೋ ಕಾಗದ ಸರಿಯೋ, ಆ ಜಗಳಕ್ಕೆ ನಾನಿಲ್ಲ. ಕಾಗದವಾದರೆ ಕಾಗದಕ್ಕೆ ತಕ್ಕ ದಾರಿ ಮಾಡಿಕೊಡಲಿ. ಜರ್ಮನಿಯಲ್ಲಿ ಕಾಗದದಲ್ಲೇ ಮತ ಹಾಕುತ್ತಾರೆ. ಅಲ್ಲಿ ಮತಪತ್ರದ ಬಲಗಡೆ ಮೇಲಿನ ಮೂಲೆ ಕತ್ತರಿಸಿರುತ್ತಾರೆ, ಇಲ್ಲ ಅಲ್ಲೊಂದು ತೂತು ಹಾಕಿರುತ್ತಾರೆ. ಮುಟ್ಟಿದ ಕೂಡಲೇ ಮೇಲು ಕೆಳಗು ಗೊತ್ತಾಗುತ್ತದೆ. ಅದರ ಮೇಲೆ ತೂತುಗಳಿರುವ ಒಂದು ಅಚ್ಚಿನ ಹಾಳೆ ಕೂರಿಸಿಕೊಳ್ಳುತ್ತಾರೆ. ಕುರುಡರ ಸಂಘಗಳೇ ಅದನ್ನು ಮಾಡಿ ಪುಕ್ಕಟೆ ಕೊಡುತ್ತವೆ. ತೂತು ಎಣಿಸಿಕೊಂಡು ಬಂದು ಗುರುತು ಹಾಕಿದರಾಯಿತು. ಇದರಲ್ಲಿ ಕರೆಂಟ್ ಬೇಕಾ, ಕಂಪ್ಯೂಟರ್ ಬೇಕಾ? ಒಂದು ರಟ್ಟು ಸಾಕು. ಅಡುಗೆಮನೆಯಲ್ಲಿದ್ದ ಸ್ವೀಟ್ ಬಾಕ್ಸಿನ ಮುಚ್ಚಳಕ್ಕೆ ನಿಮ್ಮಮ್ಮನಿಂದ ಸಾಲಾಗಿ ಹನ್ನೆರಡು ತೂತು ಕೊರೆಸಿದೆ. ಕೆಳಗೆ ಹಾಳೆ ಇಟ್ಟು ನಿನ್ನ ಹಳೆಯ ಸ್ಟ್ಯಾಂಪ್ ಪ್ಯಾಡ್ ತಗೊಂಡು ಒತ್ತಿ ನೋಡಿದೆ. ಹತ್ತು ಸಲದಲ್ಲಿ ಹತ್ತೂ ಸಲ ಗೆರೆಯೊಳಗೇ ಬಿತ್ತು ಅಂದಳು.

ರಟ್ಟು ಕೊಡುವುದು ನಿನ್ನ ಕೈಯಲ್ಲಿಲ್ಲ, ಗೊತ್ತು. ನಿನ್ನ ಕೈಯಲ್ಲಿರುವುದನ್ನು ಹೇಳುತ್ತೇನೆ. ಮಸ್ಟರಿಂಗ್, ಅಂದರೆ ಚುನಾವಣೆ ಸಾಮಾನು ತೆಗೆದುಕೊಳ್ಳುವುದು, ಮುಗಿಸಿ ಹಿಂದಿನ ದಿನ ಸಂಜೆಯೇ ಮತಗಟ್ಟೆಗೆ ಹೋಗುತ್ತೀರಲ್ಲ. ಚಾಪೆ ಹಾಸುವ ಮೊದಲು ಗೇಟಿನಿಂದ ಒಳಗಿನವರೆಗೆ ಒಂದು ಸಲ ನಡೆದು ನೋಡು, ನಿಮ್ಮ ಅತ್ತೆಯ ಕುರ್ಚಿ ತಳ್ಳುತ್ತಿದ್ದೀಯ ಅಂದುಕೊಂಡು. ರ‍್ಯಾಂಪ್ ಇದ್ದರೆ ಅದರ ಮುಂದೆ ಬೈಕ್ ನಿಲ್ಲಿಸಿರುತ್ತಾರೆ, ಇಲ್ಲ ಜಲ್ಲಿ ಸುರಿದಿರುತ್ತಾರೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಅದಕ್ಕಿಂತ ಕಡಿದಾದರೆ ಕುರ್ಚಿ ಹಿಂದಕ್ಕೆ ಜಾರುತ್ತದೆ. ಹೊಸ್ತಿಲಿಗೆ ಒಂದು ಹಲಗೆ ಸಿಗುತ್ತದಾ ಕೇಳು. ಮತ ಹಾಕುವ ಮೇಜು ಕೂತವರ ಕೈಗೆ ಎಟುಕುತ್ತದಾ ನೋಡು. ಏಜೆಂಟರ ಬೆಂಚನ್ನು ಆ ಮೂಲೆಯಿಂದ ಆದಷ್ಟು ದೂರ ಹಾಕಿಸಿ ಅಂತ ನಿಮ್ಮ ಪ್ರಿಸೈಡಿಂಗ್ ಆಫೀಸರಿಗೆ ಹೇಳು. ನೀನು ಚಿಕ್ಕವಳು ಅಂತ ಹಿಂಜರಿಯಬೇಡ. ವಿಕಲಚೇತನರಿಗಾಗಿ ಕೆಲಸ ಮಾಡುವ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ, ಅಂದರೆ ವಿಆರ್‌ಡಬ್ಲ್ಯೂ ನಂಬರ್ ಇಸ್ಕೊಂಡಿರು. ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ.

ನನ್ನಂಥವರು ಬಂದರೆ 'ಯಾರಿಗೆ ಹಾಕ್ತೀರಿ' ಅಂತ ಯಾರೂ ಕೇಳದ ಹಾಗೆ ನೋಡಿಕೋ. ಮೇಲಿನಿಂದ ಕೆಳಗಿನವರೆಗೆ ಎಲ್ಲ ಹೆಸರೂ, ಚಿಹ್ನೆಯೂ ಓದಿ ಹೇಳಿ. ಎಲ್ಲ ಹೆಸರು ಓದಿದರೆ ಯಾರ ಗುಟ್ಟೂ ರಟ್ಟಾಗುವುದಿಲ್ಲ. ಜೊತೆಗೆ ಯಾರು ಬರಬೇಕು ಅಂತ ಆರಿಸುವುದು ಮತ ಹಾಕುವವರೇ, ಏಜೆಂಟರಲ್ಲ. ಅಸೆಂಬ್ಲಿ, ಲೋಕಸಭೆಗಳಲ್ಲಿ ಜೊತೆಗೆ ಬಂದವರು ಗುಟ್ಟು ಕಾಪಾಡುತ್ತೇನೆ ಅಂತ ಬರೆದುಕೊಡಬೇಕು, ಒಂದು ದಿನಕ್ಕೆ ಒಬ್ಬರಿಗೆ ಮಾತ್ರ ಜೊತೆಯಾಗಬಹುದು. ತರಬೇತಿಯಲ್ಲಿ ಪಂಚಾಯಿತಿಗೆ ಏನು ನಿಯಮ ಅಂತ ಎದ್ದು ನಿಂತು ಕೇಳು. ನೀನು ಕೇಳಿದರೆ ಉಳಿದವರಿಗೂ ಕಿವಿಗೆ ಬೀಳುತ್ತದೆ.

ಕಿವಿ ಕೇಳದವರ ಹೆಸರನ್ನು ಜೋರಾಗಿ ಕೂಗಿ ಪ್ರಯೋಜನವಿಲ್ಲ, ಮುಖ ನೋಡಿ ಪಟ್ಟಿ ತೋರಿಸು. 'ಅವನಿಗೆ ಬುದ್ಧಿ ಸಾಲದು' ಅಂತ ಯಾರಾದರೂ ತಕರಾರು ತೆಗೆದರೆ ಬಿಟ್ಟುಕೊಡಬೇಡಿ. ಅದನ್ನು ಹೇಳಬೇಕಾದದ್ದು ಕೋರ್ಟು. ಪಟ್ಟಿಯಲ್ಲಿ ಹೆಸರಿದ್ದರೆ ಅವನೂ ನಿನ್ನ ಹಾಗೇ ಮತದಾರ.

ರಾಜ್ಯ ಚುನಾವಣಾ ಆಯೋಗಕ್ಕೆ ರಟ್ಟಿನ ವಿಷಯ ಬರೆದ ಅರ್ಜಿ ಈ ಪತ್ರದ ಹಿಂದೆಯೇ ಕಳಿಸುತ್ತೇನೆ. ಮತಪತ್ರದ ಮೂಲೆ ಕತ್ತರಿಸಿ, ಸಾಲಿನ ಅಗಲ ಎಲ್ಲ ವಾರ್ಡಿಗೂ ಒಂದೇ ಇಡಿ, ಒಂದೇ ಅಚ್ಚಿನ ರಟ್ಟು ಎಲ್ಲ ಕಡೆಗೂ ಆಗುತ್ತದೆ ಅಂತ ಕೇಳಿದ್ದೇನೆ. ನಿಮ್ಮ ಅತ್ತೆ ಸಹಿ ಹಾಕಿದ್ದಾಳೆ. ಹಿಂದಿನ ಬೀದಿಯ ಆ ಹುಡುಗನೂ ತಾನಾಗಿ ಬಂದು ಸಹಿ ಹಾಕಿದ. ನೀನು ಒಂದು ಸಲ ಓದಿ ತಪ್ಪು ತಿದ್ದು, ಭಾನುವಾರ ಫೋನ್ ಮಾಡು. ಸ್ವೀಟ್ ಬಾಕ್ಸಿನ ಮುಚ್ಚಳವನ್ನು ಅಮ್ಮ ಎಸೆಯದೆ ಎತ್ತಿಟ್ಟಿದ್ದಾಳೆ, ಅರ್ಜಿಯ ಜೊತೆ ಅದನ್ನೂ ಕಳಿಸಬೇಕು.

ನಿನ್ನ
ಅಪ್ಪ