ಹೆಸರು ತಿಳಿಯದ ಆ ನರ್ಸ್‌ಗೆ

ನನ್ನ ಹೆಂಡತಿ ಹುಟ್ಟಿ ಬೆಳೆದದ್ದು ಬೆಲಾರಸ್‌ನ ಗೋಮೆಲ್ ಬಳಿಯ ಹಳ್ಳಿಯಲ್ಲಿ. 1986ರ ಏಪ್ರಿಲ್ 26ರಂದು ಗಡಿಯಾಚೆ ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಗೊಂಡಾಗ ಇನ್ನೂ ಪುಟ್ಟ ಹುಡುಗಿ. ನ್ಯೂಯಾರ್ಕಿಗೆ ವಲಸೆ ಬಂದು ಎಷ್ಟೋ ಕಾಲವಾದ ಮೇಲೆ ಈಗ ಕತ್ತಿನಲ್ಲೊಂದು ಗಂಟು ಕೈಗೆ ಸಿಕ್ಕಿತು. ಆಸ್ಪತ್ರೆಯ ಫಾರಂನಲ್ಲಿ ವಿಕಿರಣ ತಗುಲಿತ್ತೇ ಎಂದು ಕೇಳುವ ಅಂಕಣವೇ ಇರಲಿಲ್ಲ. ಗಾಬರಿಯಲ್ಲಿ ಅವಳಿಗೆ ಇಂಗ್ಲಿಷ್ ಹೊರಡಲಿಲ್ಲ. ನನಗೆ ರಷ್ಯನ್ ಅಷ್ಟಾಗಿ ಬಾರದು.

ಹುಟ್ಟೂರಿನ ಹೆಸರು ಓದಿದ ನೀವು ಪೆನ್ನು ಕೆಳಗಿಟ್ಟಿರಿ. ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು, ಫೋನಿನಲ್ಲಿ ರಷ್ಯನ್ ದುಭಾಷಿಯನ್ನು ಕರೆದು ಕೇಳಿದಿರಿ: ‘ಆ ಮೇ ತಿಂಗಳಲ್ಲಿ ಯಾವ ಹಾಲು ಕುಡಿಯುತ್ತಿದ್ದಿರಿ?’ ಅಜ್ಜಿಯ ಹಸುವಿನದು ಎಂದಳು. ಹುಲ್ಲಿನ ಮೇಲೆ ಬಿದ್ದ ಅಯೋಡಿನ್-131 ಎಂಬ ವಿಕಿರಣಶೀಲ ವಸ್ತು ಹಾಲಿನ ಮೂಲಕ ಮಕ್ಕಳ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಸೇರಿತ್ತು, ದಶಕಗಳ ನಂತರವೂ ಅಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು ಎಂಬುದು ನಿಮಗೆ ಗೊತ್ತಿತ್ತು. ಅದನ್ನು ಕಡತದ ಮೇಲ್ಭಾಗದಲ್ಲೇ ದಪ್ಪಕ್ಷರದಲ್ಲಿ ಬರೆದಿರಿ. ಅಂದೇ ಅಲ್ಟ್ರಾಸೌಂಡ್ ಆಗುವಂತೆ ನೋಡಿಕೊಂಡಿರಿ. ಜೆಲ್ ತಣ್ಣಗಿರುತ್ತದೆ ಎಂದು ಮೊದಲೇ ಹೇಳಿ ಅವಳ ಕೈ ಹಿಡಿದುಕೊಂಡಿರಿ. ಅವಳ ಬಾಲ್ಯವನ್ನು ಒಬ್ಬರು ಕೇಳಿಸಿಕೊಂಡರಲ್ಲ, ನನ್ನ ಎದೆಯ ಅರ್ಧ ಭಾರ ಅಲ್ಲೇ ಇಳಿಯಿತು.

ಗಂಟು ಕ್ಯಾನ್ಸರಿನದಲ್ಲ ಎಂದು ಸೂಜಿ ಪರೀಕ್ಷೆಯ ವರದಿ ಬಂದಿದೆ. ತಪಾಸಣೆ ಮುಂದುವರಿಸಬೇಕಂತೆ, ಮುಂದುವರಿಸುತ್ತೇವೆ. ನಾವು ಹೊರಡುವ ಹೊತ್ತಿಗೆ ನಿಮ್ಮ ಪಾಳಿ ಮುಗಿದು ನೀವು ಹೋಗಿಬಿಟ್ಟಿದ್ದಿರಿ. ನಮ್ಮಿಬ್ಬರ ಧನ್ಯವಾದಗಳು ನಿಮಗೆ.