ಮಾತ್ರೆ ನುಂಗೋಕೆ ದುಡ್ಡು ಕೊಟ್ರೆ ಸಾಕಾ?

ಸಂಪಾದಕರೇ,

ಕೊಲೆಸ್ಟ್ರಾಲ್ ಮಾತ್ರೆ ತಪ್ಪದೆ ತಗೊಳ್ಳೋರಿಗೆ ದುಡ್ಡು ಕೊಡೋ ಐಡಿಯಾ ಕೇಳೋಕೇನೋ ಚೆನ್ನಾಗಿದೆ, ಆದ್ರೆ ವಿಷ್ಯ ಅಷ್ಟು ಸಲೀಸಲ್ಲ. 2015ರಲ್ಲಿ ಅಮೆರಿಕದಿಂದ ಬಂದ ಒಂದು ಸ್ಟಡಿಲಿ ಸುಮಾರು 1500 ಪೇಷಂಟ್‌ಗಳನ್ನ ನಾಲ್ಕು ಗುಂಪು ಮಾಡಿ, ಡಾಕ್ಟ್ರಿಗೆ ಮಾತ್ರ ದುಡ್ಡು, ಪೇಷಂಟ್‌ಗೆ ಮಾತ್ರ, ಇಬ್ಬರಿಗೂ ಹಂಚಿ, ಯಾರಿಗೂ ಇಲ್ಲ ಅಂತ ಒಂದು ವರ್ಷ ನೋಡಿದ್ರು. ಪೇಷಂಟ್‌ಗಷ್ಟೇ ಕೊಟ್ಟಾಗ ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, ಇಳಿದಿದ್ದು 25 ಪಾಯಿಂಟ್ (mg/dL), ಏನೂ ಕೊಡದೇ ಇದ್ದೋರಿಗೂ ಅಷ್ಟೇ! ಇಬ್ಬರಿಗೂ ಹಂಚಿದಾಗ ಮಾತ್ರ 33 ದಾಟ್ತು. ಅದೂ ಭಾರಿ ವ್ಯತ್ಯಾಸ ಏನಲ್ಲ ಬಿಡಿ.

ಇಂಥ ಸ್ಟಡಿಗಳಲ್ಲಿ ಎಲೆಕ್ಟ್ರಾನಿಕ್ ಮಾತ್ರೆ ಡಬ್ಬಿ ಮುಚ್ಚಳ ತೆಗೆದ್ರೆ ತಾನಾಗೇ ರೆಕಾರ್ಡ್ ಆಗುತ್ತೆ, ಆದ್ರೆ ಮುಚ್ಚಳ ತೆಗೆದೋರೆಲ್ಲ ಮಾತ್ರೆ ನುಂಗಿದ್ರು ಅಂತ ಹೇಳೋಕಾಗುತ್ತಾ?

ಕೊಲೆಸ್ಟ್ರಾಲ್ ಜಾಸ್ತಿ ಆದ್ರೆ ನೋವಿಲ್ಲ ಜ್ವರ ಇಲ್ಲ, ಮಾತ್ರೆ ಬಿಟ್ರೂ ಮಾರನೇ ದಿನ ಏನೂ ಗೊತ್ತಾಗಲ್ಲ, ಅದಕ್ಕೇ ಜನ ಬಿಟ್ಬಿಡ್ತಾರೆ, ಇನ್ನು ಕೆಲವರು ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ) ತಗೊಂಡ್ರೆ ಮೈಕೈ ನೋವು ಅಂತ ಡಾಕ್ಟ್ರಿಗೆ ಹೇಳದೇನೇ ನಿಲ್ಲಿಸ್ತಾರೆ. ಡೋಸ್ ಕಮ್ಮಿ ಮಾಡಬಹುದು, ಬೇರೆ ಮಾತ್ರೆ ಕೊಡಬಹುದು ಅಂತ ಅವ್ರಿಗೆ ಯಾರು ಹೇಳಬೇಕು? ಬಹುಮಾನದ ದುಡ್ಡನ್ನ ಮೊದಲು ಆ ಮಾತುಕತೆಗೆ ಖರ್ಚು ಮಾಡ್ಲಿ.

- ಒಬ್ಬ ಓದುಗ