ಜೀನ್ಸ್ ಪದದಲ್ಲಿ ಅಮೆರಿಕವಷ್ಟೇ ಇಲ್ಲ

ಮಾನ್ಯ ಸಂಪಾದಕರೇ,

ಬಳ್ಳಾರಿಯ ಜೀನ್ಸ್ ಉದ್ಯಮದ ಮಾತು ಬಂದಾಗಲೆಲ್ಲ ಆ ಬಟ್ಟೆಯೂ ಅದರ ಹೆಸರೂ ಅಮೆರಿಕದವೇ ಎಂದು ಹಲವರು ಹೇಳುವುದುಂಟು. ವಾಸ್ತವದಲ್ಲಿ ‘ಜೀನ್’ ಎಂಬುದು ಇಟಲಿಯ ಬಂದರು ನಗರ ಜಿನೋವಾದ ಫ್ರೆಂಚ್ ಹೆಸರಿನಿಂದ ಇಂಗ್ಲಿಷಿಗೆ ಬಂದ ಪದವಾಗಿದ್ದು, 16ನೇ ಶತಮಾನದಲ್ಲಿಯೇ ಇಂಗ್ಲಿಷಿನಲ್ಲಿ ಒಂದು ಬಗೆಯ ಗಟ್ಟಿ ಬಟ್ಟೆಯನ್ನು ಸೂಚಿಸುತ್ತಿತ್ತು. ಪ್ಯಾಂಟು ಎಂಬ ಅರ್ಥ ಬಹಳ ತಡವಾಗಿ ಸೇರಿಕೊಂಡಿತು. 1873ರಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯೂ ಲೆವಿ ಸ್ಟ್ರಾಸ್ ಕಂಪನಿಯೂ ಜೇಬಿನ ಮೂಲೆಗಳಿಗೆ ರಿವೆಟ್ (ಲೋಹದ ಪುಟ್ಟ ಗುಬುಟು) ಹೊಡೆಯುವ ವಿಧಾನಕ್ಕೆ ಪೇಟೆಂಟ್ ಪಡೆದಾಗ ಆ ಉಡುಪಿಗಿದ್ದ ಹೆಸರು ಓವರಾಲ್ಸ್.

ಜೀನ್ಸ್ ಹೊಲಿಯುವ ಬಟ್ಟೆಯ ಹೆಸರಾದ ‘ಡೆನಿಮ್’ ಫ್ರಾನ್ಸಿನ ನೀಮ್ ನಗರದ ಹೆಸರಿನಿಂದ ಬಂದಿತೆಂಬುದು ಪ್ರಚಲಿತ ವಿವರಣೆ. ನನಗೆ ಹೆಚ್ಚು ಕುತೂಹಲಕರವಾಗಿ ಕಂಡಿರುವುದು ಒರಟು ಬಟ್ಟೆಯ ಕೆಲಸದ ಉಡುಪನ್ನು ಸೂಚಿಸುವ, ಇದೇ ಬಳಗದ ‘ಡಂಗರೀಸ್’ ಎಂಬ ಪದ, ಏಕೆಂದರೆ ಅದು ನಮ್ಮ ದೇಶದ ‘ಡುಂಗ್ರಿ’ ಎಂಬ ಒರಟು ಹತ್ತಿ ಬಟ್ಟೆಯ ಹೆಸರಿನಿಂದ ಹುಟ್ಟಿದ್ದು, ಆ ಹೆಸರನ್ನು ಮುಂಬೈಯ ಡೋಂಗ್ರಿಯೊಂದಿಗೆ ಜೋಡಿಸಲಾಗುತ್ತದೆ. ಜೀನ್ಸ್‌ನ ನೀಲಿ ಬಣ್ಣದ ‘ಇಂಡಿಗೊ’ ಎಂಬ ಹೆಸರಂತೂ ಗ್ರೀಕ್, ಲ್ಯಾಟಿನ್‌ಗಳ ಮೂಲಕ ‘ಭಾರತದ್ದು’ ಎಂದೇ ಸಾರುತ್ತದೆ. (ಇಂಗ್ಲಿಷಿನ ಬಹುವಚನವನ್ನು ನಾವು ‘ಒಂದು ಜೀನ್ಸ್’ ಎಂದು ಏಕವಚನ ಮಾಡಿಕೊಂಡಿರುವುದಕ್ಕೆ ನನ್ನ ಆಕ್ಷೇಪವೇನೂ ಇಲ್ಲ.)

ಹತ್ತಿ ಬೆಳೆಯುವ ಎರೆಭೂಮಿಯ, ಜೀನ್ಸ್ ಹೊಲಿಯುವ ಈ ಊರಿನಲ್ಲಿ ವಸ್ತುಪ್ರದರ್ಶನಗಳು ನಡೆದಾಗ ಈ ಪದಗಳ ಹಿನ್ನೆಲೆಯನ್ನು ವಿವರಿಸುವ ಕನ್ನಡ ಫಲಕವೊಂದನ್ನು ಸಂಘಟಕರು ಇರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಓದುಗ, ಬಳ್ಳಾರಿ